ಭಯದ ಮಾತಿಗೆ ಕಿವಿಗೊಡುವವರಾರು?

ರಾಯಬಾಗ ತಾಲೂಕಿನ ಮುಗಳಖೋಡವು ಯಲ್ಲಾಲಿಂಗ ಮಹಾರಾಜರ ಮಠದಿಂದ ನಾಡಿನಲ್ಲೆಲ್ಲ ಹೆಸರಾದ ಊರು. ಇಲ್ಲಿಯ ಒಂದು ಒಕ್ಕಲು ಮನೆತನದಲ್ಲಿ ಮೂರು ತಲೆಮಾರಿನವರೆಗೆ ಯಾವ ಹೆಣ್ಣುಮಗಳೂ ಏಳನೆಯ ಇಯತ್ತೆಯನ್ನು ದಾಟಿರಲಿಲ್ಲ. ನಾಲ್ಕನೆಯ ತಲೆಮಾರಿನ ಮಗಳೊಬ್ಬಳು ಶಾಲೆಗೆ ಮೊದಲಿಗಳಾಗಿ ತೇರ್ಗಡೆ ಹೊಂದಿ, ಪದವಿಯ ಓದಿಗೆಂದು ಹುಬ್ಬಳ್ಳಿಗೆ ಹೊರಟು ನಿಂತಾಗ, ಅಜ್ಜಿ ಬಿಳಿಜೋಳದ ಖಡಕ್ ರೊಟ್ಟಿಗಳನ್ನೂ ಶೇಂಗಾ ಚಟ್ನಿಯನ್ನೂ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿಕೊಟ್ಟಳು. ತಂದೆ ರಾಯಬಾಗದ ರೈಲು ನಿಲ್ದಾಣದವರೆಗೆ ಬಂದು, ಗಾಡಿ ಕಣ್ಮರೆಯಾಗುವ ತನಕ ನಿಂತು, ಕಬ್ಬಿಗೆ ನೀರು ಹಾಯಿಸುವ ಹೊತ್ತು ಮೀರಿತೆಂಬುದನ್ನು ಆಮೇಲೆ ನೆನೆದುಕೊಂಡನು.

ಹುಬ್ಬಳ್ಳಿಯು ಈ ಭಾಗದ ಜನರಿಗೆ ಅಪರಿಚಿತವಾದ ನಗರವಲ್ಲ. ಸಿದ್ಧಾರೂಢರ ಮಠಕ್ಕೂ ಮೂರುಸಾವಿರ ಮಠಕ್ಕೂ ಹೋಗಿ ಬಂದವರು ಇಲ್ಲಿಯ ಮನೆಮನೆಯಲ್ಲಿದ್ದಾರೆ. 1962ರಲ್ಲಿ ಧಾರವಾಡದೊಡನೆ ಕೂಡಿ ಒಂದೇ ಮಹಾನಗರವಾದ ಈ ಅವಳಿ ಊರುಗಳ ಜನಸಂಖ್ಯೆ 2011ರ ಜನಗಣತಿಯಂತೆ 9,43,788. ಹತ್ತಿಯ ವ್ಯಾಪಾರಕ್ಕೂ ರೈಲ್ವೆಯ ಕಾರ್ಯಾಗಾರಕ್ಕೂ ಹೆಸರಾಗಿದ್ದ ಆ ಊರಿನಲ್ಲಿ 2023ರ ಮಾರ್ಚಿನಲ್ಲಿ 1507 ಮೀಟರು ಉದ್ದದ ರೈಲ್ವೆ ವೇದಿಕೆ ಲೋಕಾರ್ಪಣೆಗೊಂಡು, ಜಗತ್ತಿನಲ್ಲಿಯೇ ಅತಿ ಉದ್ದವಾದದ್ದೆಂದು ಕೀರ್ತಿ ಪಡೆಯಿತು. ಅಂಥ ನಗರಕ್ಕೆ ಮಗಳನ್ನು ಕಳಿಸಿದೆನೆಂಬ ಹೆಮ್ಮೆ ಆ ತಂದೆಯ ಮಾತಿನಲ್ಲಿ ಆಗಾಗ ಇಣುಕುತ್ತಿತ್ತು.

2024ರ ಏಪ್ರಿಲ್ 18, ಗುರುವಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ವಿದ್ಯಾಲಯವೊಂದರ ಆವರಣದೊಳಗೆ, ಹಾಡುಹಗಲಿನಲ್ಲಿ, ಒಬ್ಬ ವಿದ್ಯಾರ್ಥಿನಿಯನ್ನು ಚೂರಿಯಿಂದ ಇರಿದು ಕೊಲ್ಲಲಾಯಿತು. ಆರೋಪಿಯು ಅದೇ ವಿದ್ಯಾಲಯದಲ್ಲಿ ಹಿಂದೆ ಓದಿದ್ದ ತರುಣ. ಅವನನ್ನು ಪೊಲೀಸರು ಅಂದೇ ಬಂಧಿಸಿದರು. ಆದರೂ ನಗರ ಕುದಿಯಿತು. ಮೆರವಣಿಗೆ, ರಸ್ತೆತಡೆ, ಬಂದ್ ಕರೆಗಳು ನಾಡಿನ ಉದ್ದಗಲಕ್ಕೂ ಹಬ್ಬಿದವು. ಸರಕಾರವು ತನಿಖೆಯನ್ನು ಸಿ.ಐ.ಡಿ.ಗೆ ವಹಿಸಿತು. ಲೋಕಸಭೆಯ ಚುನಾವಣೆಯ ದಿನಗಳಾದುದರಿಂದ ಶೋಕದ ಮನೆಯ ಅಂಗಳವೇ ರಾಜಕಾರಣದ ವೇದಿಕೆಯಾಯಿತೆಂದರೆ ಅತಿಶಯೋಕ್ತಿಯಾಗಲಾರದು. ಆರೋಪಿಯ ಹೆಸರು ತಿಳಿದಾಕ್ಷಣ, ಒಬ್ಬನ ಮೇಲಿನ ಆರೋಪವು ಒಂದು ಸಮುದಾಯದ ಮೇಲಿನ ಆರೋಪವಾಗಿ ತಿರುಗಿತು. ಧಾರವಾಡದಲ್ಲಿ ಅಂಜುಮನ್ ಸಂಸ್ಥೆಯ ಕರೆಯಂತೆ ಮುಸ್ಲಿಂ ವರ್ತಕರು ಅಂಗಡಿಗಳನ್ನು ಮುಚ್ಚಿ, ಸತ್ತ ಹುಡುಗಿಗೆ ನ್ಯಾಯ ಸಿಗಲೆಂದು ಕೇಳಿದರು. ಆ ಗದ್ದಲದಲ್ಲಿ ಈ ದನಿ ಕೇಳಿಸಿದ್ದು ಕೆಲವರಿಗೆ ಮಾತ್ರ.

ಸುದ್ದಿ ಮುಗಳಖೋಡವನ್ನು ಮುಟ್ಟಲು ಅರ್ಧ ತಾಸೂ ಬೇಕಾಗಲಿಲ್ಲ. ಸಂಜೆಗೆ ಗುಡಿಯ ಕಟ್ಟೆಯ ಮೇಲೆ ಕುಳಿತವರೆಲ್ಲ ಒಂದೇ ಮಾತು ಆಡಿದರು: ಹೆಣ್ಣುಮಕ್ಕಳನ್ನು ಅಷ್ಟು ದೂರ ಇಡುವುದು ಇನ್ನು ಕ್ಷೇಮವಲ್ಲ. ಆ ರಾತ್ರಿ ತಂದೆ ಮಗಳಿಗೆ ಫೋನು ಮಾಡಿದನು.

“ತಂಗಿ, ಓದಿದ್ದು ಸಾಕು. ಗಂಟುಮೂಟಿ ಕಟಗೊಂಡು ಮನೀಗೆ ಬಾ.”

ಅತ್ತಲಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ ಬಂದದ್ದು ಒಂದೇ ಪ್ರಶ್ನೆ.

“ಅಪ್ಪಾ, ನನ್ನಿಂದ ಏನ ತಪ್ಪಾತು?”

ತಂದೆಯ ಬಳಿ ಉತ್ತರವಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಅವನಿಗೆ ತಿಳಿಯದ್ದೇನಲ್ಲ. ಆದರೆ ಅಂಜಿದ ಮನಸ್ಸಿಗೆ ಗಾದೆ ನೆನಪಾಗುವುದಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಮಗಳು ಪುಸ್ತಕಗಳ ಪೆಟ್ಟಿಗೆಯೊಡನೆ ಊರಿಗೆ ಬಂದಳು. ಮತದಾನದ ದಿನವಾದ ಮೇ 7ರಂದು, ಸರದಿಯಲ್ಲಿ ನಿಂತ ಹೆಂಗಸರು ಅವಳ ಕಡೆಗೆ ನೋಡಿ, “ಛಲೋ ಆತು, ಬಂದ ಬಿಟ್ಟಿ” ಎಂದರು. ಅವಳು ತಲೆ ಬಗ್ಗಿಸಿ ನಿಂತಳು. ಮನೆಯಲ್ಲಿ ವರನ ಮಾತು ಮೆಲ್ಲಗೆ ಮೊದಲಾಯಿತು.

ಮೊದಲ ಕೊಲೆಯಾಗಿ ಇಪ್ಪತ್ತೇಳು ದಿನ ಕಳೆದಿದ್ದವು. ಮೇ 15ರ ಬೆಳಗಿನ ಜಾವದಲ್ಲಿ ಅದೇ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ, ಇಪ್ಪತ್ತರ ಹರೆಯದ ಇನ್ನೊಬ್ಬ ತರುಣಿ ತನ್ನ ಮನೆಯೊಳಗೇ ಚೂರಿಗೆ ಬಲಿಯಾದಳು. ಅಜ್ಜಿಯ ಆಸರೆಯಲ್ಲಿ ಬೆಳೆದ, ದುಡಿದು ಮನೆಗೆ ನೆರವಾಗುತ್ತಿದ್ದ ಹುಡುಗಿ ಅವಳು. ಆರೋಪಿ ರೈಲಿನಲ್ಲಿ ತಪ್ಪಿಸಿಕೊಂಡು ಹೋಗುವಾಗ ದಾವಣಗೆರೆಯ ಬಳಿ ಗಾಡಿಯಿಂದ ಬಿದ್ದು ಸಿಕ್ಕಿಬಿದ್ದನು. ಈ ಸಲ ಕೊಂದವನ ಧರ್ಮದ ಲೆಕ್ಕ ಯಾರ ಕೈಗೂ ಹತ್ತಲಿಲ್ಲ. ದೂರದ ಊರಿನ ವಸತಿಗೃಹವಾಗಲಿ, ಕಾಲೇಜಿನ ಸಹವಾಸವಾಗಲಿ ಇಲ್ಲಿ ಕಾರಣವಾಗಿರಲಿಲ್ಲ. ಹುಡುಗಿ ಇದ್ದದ್ದು ಮನೆಯಲ್ಲಿ, ಅಜ್ಜಿಯ ಮಗ್ಗುಲಲ್ಲಿ. ಹಾಗಿರುವಾಗ ಹೆಣ್ಣುಮಕ್ಕಳನ್ನು ಮನೆಗೆ ಕರೆತಂದು ಕಾಪಾಡುವೆವೆಂದವರ ವಾದಕ್ಕೆ ಎಲ್ಲಿ ಆಧಾರ ಉಳಿಯಿತು?

ಈ ಎರಡನೆಯ ಪ್ರಕರಣದಲ್ಲಿ ಹೊರಬಿದ್ದ ಇನ್ನೊಂದು ಸಂಗತಿಯು ಕೊಲೆಯಷ್ಟೇ ಕಳವಳಕಾರಿಯಾಗಿತ್ತು. ಆ ತರುಣ ಬೆದರಿಕೆ ಹಾಕುತ್ತಿದ್ದಾನೆಂದು ಮೊದಲೇ ಪೊಲೀಸರಿಗೆ ತಿಳಿಸಿದ್ದರೂ ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರೆಂದು ಮನೆಯವರು ದೂರಿದರು. ಕರ್ತವ್ಯಲೋಪಕ್ಕಾಗಿ ಪೊಲೀಸ್ ಅಧಿಕಾರಿಗಳು ಅಮಾನತುಗೊಂಡರು. ಊರು ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಮುಚ್ಚಿದಂತಾಯಿತು. ಸಾವಿಗಿಂತ ಮೊದಲು ಒಬ್ಬ ಮುದುಕಿಯ ಮನೆಯಿಂದ ಹೊರಟ ಮಾತು, ಕೇಳುವ ಕಿವಿಯಿಲ್ಲದೆ ಹಿಂತಿರುಗಿತ್ತು.

ಮುಗಳಖೋಡದಲ್ಲಿ ಈ ಸುದ್ದಿಯನ್ನು ಪತ್ರಿಕೆಯಲ್ಲಿ ಎರಡು ಸಲ ಓದಿದವರು ನಿವೃತ್ತ ಗಣಿತದ ಮಾಸ್ತರರು. ಆ ಒಕ್ಕಲಿಗನಿಗೆ ಎಂಟನೆಯ ಇಯತ್ತೆಯಲ್ಲಿ ಬೀಜಗಣಿತ ಕಲಿಸಿದವರು ಅವರೇ. ಕೋಲೂರಿಕೊಂಡು ಅವನ ಮನೆಗೆ ಬಂದು, ಜಗುಲಿಯ ಮೇಲೆ ಕುಳಿತು, ಕೊಟ್ಟ ನೀರನ್ನು ಕುಡಿದು ಕೇಳಿದರು:

“ಮಗಳನ್ನ ಓದು ಬಿಡಿಸಿ ಕರಕೊಂಡ ಬಂದಿ. ಅಕೀಗೆ ಅಲ್ಲಿ ಏನರ ಅಂಜಿಕಿ ಇತ್ತೇನು ಅಂತ ಒಮ್ಮೆರ ಕೇಳಿಯೇನಪಾ?”

“ಇಲ್ಲರಿ ಮಾಸ್ತರ. ಕೇಳಿಲ್ಲರಿ.”

“ಹಂಗಾರ ಈಗ ಕೇಳು. ನಡುವ ಬಾಯಿ ಹಾಕಬ್ಯಾಡ. ಸಿಟ್ಟಿಗೆ ಏಳಬ್ಯಾಡ.”

ತಾಯಿಯ ಪಕ್ಕದಲ್ಲಿ ಕುಳಿತು ಹುಡುಗಿ ಹೇಳಿದ ಮಾತು ಮನೆಯವರನ್ನು ದಂಗುಬಡಿಸಿತು. ಮೂರು ತಿಂಗಳಿನಿಂದ ಒಬ್ಬ ಹುಡುಗ ವಸತಿಗೃಹದಿಂದ ಕಾಲೇಜಿನವರೆಗೆ ಬೆನ್ನುಹತ್ತಿ ಬರುತ್ತಿದ್ದನು. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದನು. ಬೇಡವೆಂದು ಹೇಳಿದ ದಿನ, ನೋಡಿಕೊಳ್ಳುತ್ತೇನೆಂದು ಅಂದಿದ್ದನು.

“ಇಷ್ಟ ದಿನ ಯಾಕ ಹೇಳಲಿಲ್ಲ, ತಂಗಿ?”

“ಹೇಳಿದ್ರ ಓದು ಬಿಡಸ್ತೀರಿ ಅಂತ ಹೇಳಲಿಲ್ಲಪ್ಪಾ. ಹೇಳದಿದ್ರೂ ಬಿಡಿಸಿದ್ರಿ.”

ಆ ಮಾತಿಗೆ ತಂದೆಯ ಕಣ್ಣು ನೀರಾಡಿತು. ಮಗಳ ಕ್ಷೇಮಕ್ಕೆಂದು ಅವನು ಹಾಕಲು ಹೊರಟ ಬೇಲಿಯೇ ಅವಳ ಬಾಯಿಗೆ ಬೀಗವಾಗಿತ್ತು. ಹೇಳಿದವರಿಗೇ ದಂಡ ಬೀಳುವ ಮನೆಯಲ್ಲಿ ಯಾವ ಮಗುವೂ ಹೇಳುವುದಿಲ್ಲ. ಹೇಳದ ಮಗುವಿನ ಬೆನ್ನ ಹಿಂದೆ ಬರುವವನಿಗೆ ಆ ಮೌನವೇ ಧೈರ್ಯವಾಗುತ್ತದೆ. ನಗರದ ಬೀದಿಯಲ್ಲಿ ನಡೆಯುವ ಘಾತುಕ ಕೃತ್ಯಕ್ಕೂ ಹಳ್ಳಿಯ ಪಡಸಾಲೆಯ ಮೌನಕ್ಕೂ ಇರುವ ನಂಟು ಆ ಜಗುಲಿಯ ಮೇಲೆ ಅಂದು ಬಯಲಾಯಿತು.

ಮಾಸ್ತರರು ಕಾಗದ ತರಿಸಿ, ಹುಡುಗಿ ಹೇಳಿದಂತೆ ದಿನಾಂಕ, ಹೊತ್ತು, ಸ್ಥಳಗಳನ್ನು ಒಂದೊಂದಾಗಿ ಬರೆಸಿದರು. ಒಬ್ಬ ಹೆಣ್ಣುಮಗಳು ಬೇಡವೆಂದ ಮೇಲೆಯೂ ಅವಳನ್ನು ಹಿಂಬಾಲಿಸುವುದು 2013ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 354-ಡಿ ಕಲಮಿನಂತೆ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಅಪರಾಧವು 78ನೆಯ ಕಲಮಿನಲ್ಲಿದೆ. ಮೊದಲ ಸಲಕ್ಕೆ ಮೂರು ವರ್ಷಗಳವರೆಗೆ, ಮರುಕಳಿಸಿದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇಂಥ ದೂರನ್ನು ಪೊಲೀಸರು ದಾಖಲಿಸಿಕೊಳ್ಳಲೇಬೇಕೆಂಬುದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರಿನಲ್ಲಿ ಸುಪ್ರೀಮ್ ಕೋರ್ಟು ಕೊಟ್ಟ ತೀರ್ಪಿನಿಂದ ಸ್ಪಷ್ಟವಾಗಿದೆ. ತನ್ನ ಹದ್ದಿನಲ್ಲಿ ನಡೆದುದಲ್ಲವೆಂದು ಠಾಣೆಯು ದೂರನ್ನು ಹಿಂದಿರುಗಿಸುವಂತಿಲ್ಲವೆಂದು ಹೊಸ ಕಾನೂನು ಹೇಳುತ್ತದೆ. ಕಾನೂನಿನ ಬಾಗಿಲು ಇಷ್ಟು ತೆರೆದಿದ್ದರೂ, ಹೊಸ್ತಿಲು ದಾಟಲು ಹುಡುಗಿಯ ಜೊತೆಗೆ ಒಬ್ಬರಾದರೂ ಬೇಕು.

ಅಪ್ಪ-ಮಗಳಿಬ್ಬರೂ ಮುಂದಿನ ಸೋಮವಾರವೇ ರೈಲು ಹತ್ತಿದರು. ಕಾಲೇಜಿನ ಪ್ರಾಚಾರ್ಯರನ್ನು ಕಂಡು, ಅಲ್ಲಿಂದ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಅಧಿಕಾರಿಯು ಪೂರ್ತಿ ಓದಿ, ದಾಖಲಿಸಿಕೊಂಡು, ಆ ಹುಡುಗನನ್ನೂ ಅವನ ತಂದೆತಾಯಿಗಳನ್ನೂ ಕರೆಸಿದರು. ಮಗನ ನಡತೆ ಅಂದಿನವರೆಗೆ ಅವರಿಗೂ ತಿಳಿದಿರಲಿಲ್ಲ. ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆ ಬಳಿಕ ಅವನು ದಾರಿಗೆ ಅಡ್ಡ ಬರಲಿಲ್ಲ. ಹುಡುಗಿ ತನ್ನ ಕೋಣೆಗೆ ಮರಳಿ, ಪರೀಕ್ಷೆಗೆ ಕುಳಿತಳು.

ನಗರದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಏಪ್ರಿಲ್ 13ರ ಭಾನುವಾರ, ಕೊಪ್ಪಳ ಜಿಲ್ಲೆಯಿಂದ ದುಡಿಮೆಗೆ ಬಂದ ಕುಟುಂಬವೊಂದರ ಐದು ವರ್ಷದ ಕೂಸನ್ನು ಹುಬ್ಬಳ್ಳಿಯಲ್ಲಿ ಎತ್ತಿಕೊಂಡು ಹೋಗಿ ಕೊಲ್ಲಲಾಯಿತು. ಸಾವಿರಾರು ಜನ ಠಾಣೆಯ ಮುಂದೆ ನೆರೆದರು. ಅಂದೇ ಆರೋಪಿಯನ್ನು ಹಿಡಿದ ಪೊಲೀಸರು, ಅವನು ತಮ್ಮ ಮೇಲೆ ಹಲ್ಲೆ ಮಾಡಿ ಓಡತೊಡಗಿದಾಗ ಗುಂಡು ಹಾರಿಸಿದೆವೆಂದರು, ಅವನು ಸತ್ತನು. ಜನ ಜಯಘೋಷ ಮಾಡಿದರು. ಕೂಸನ್ನು ಕಳೆದುಕೊಂಡ ತಾಯಿಯ ಸಂಕಟವನ್ನು ಕಂಡವರಿಗೆ ಆ ಜಯಘೋಷ ಅರ್ಥವಾಗದ್ದಲ್ಲ. ಆದರೆ ಪ್ರಕರಣ ಹೈಕೋರ್ಟಿನ ಮುಂದೆ ಹೋಯಿತು. ಗುಂಡೇಟಿನ ತನಿಖೆ ಸಿ.ಐ.ಡಿ.ಗೆ ಬಂತು. ಪೊಲೀಸರ ಗುಂಡಿಗೆ ಯಾರೇ ಸತ್ತರೂ ಸ್ವತಂತ್ರ ತನಿಖೆ ಆಗಬೇಕೆಂದು ಸುಪ್ರೀಮ್ ಕೋರ್ಟು 2014ರಲ್ಲಿಯೇ ವಿಧಿಸಿದೆ. ಅವನು ಎಲ್ಲೆಲ್ಲಿ ಸುಳಿದಾಡಿದ್ದ, ಬೇರೆ ಯಾವ ಮಗುವಿಗಾದರೂ ಕೇಡು ಬಗೆದಿದ್ದನೇ ಎಂಬ ಪ್ರಶ್ನೆಗಳಿಗೆ ಅವನ ಬಾಯಿಂದ ಇನ್ನು ಉತ್ತರ ಬರುವಂತಿಲ್ಲ. ತಾಯಿ ಪರರ ಮನೆಯಲ್ಲಿ ದುಡಿಯುವಾಗ ಅವಳ ಕೂಸನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆಯಂತೂ ಆ ಜಯಘೋಷದಲ್ಲಿ ಯಾರಿಗೂ ಕೇಳಿಸಲಿಲ್ಲ.

ಒಂದು ವರ್ಷದೊಳಗೆ ಒಂದೇ ನಗರವು ಮೂರು ಬಗೆಯಲ್ಲಿ ಪ್ರತಿಕ್ರಿಯಿಸಿತು: ಮೊದಲು ಜಾತಿಧರ್ಮದ ಮೇಲಿನ ಸಿಟ್ಟು, ಆಮೇಲೆ ಅಧಿಕಾರಿಗಳ ಮೇಲಿನ ಸಿಟ್ಟು, ಕೊನೆಗೆ ಗುಂಡಿನ ಸಮಾಧಾನ. ಈ ಮೂರೂ ಹುಟ್ಟಿದ್ದು ಹೆಣ ಬಿದ್ದ ಮೇಲೆ. ಬದುಕಿರುವವಳು ಭಯದಿಂದ ಆಡುವ ಮೊದಲ ಮಾತಿಗೆ ಯಾವ ಮೆರವಣಿಗೆಯೂ ಹೊರಡುವುದಿಲ್ಲ. ಅದನ್ನು ಕೇಳಬೇಕಾದವರು ತಂದೆತಾಯಿ, ಶಿಕ್ಷಕ, ವಸತಿಗೃಹದ ಮೇಲ್ವಿಚಾರಕಿ, ಠಾಣೆಯ ಹವಾಲದಾರ.

ಆಯ್ದಕ್ಕಿ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದವಳು ಮಡದಿ ಲಕ್ಕಮ್ಮ. ಅವನು ಕೇಳಿದನು. ಹೆಣ್ಣುಮಗಳ ಮಾತಿಗೆ ಬೆಲೆಯುಂಟೆಂದು ಕಲ್ಯಾಣದ ಶರಣರು ಎಂಟುನೂರು ವರ್ಷಗಳ ಹಿಂದೆಯೇ ನಡೆದು ತೋರಿಸಿದ ನೆಲದಲ್ಲಿ, ಮಕ್ಕಳ ಮಾತಿಗೆ ಕಿವಿಗೊಡಲು ಹೊಸ ಶಾಸ್ತ್ರವೇನೂ ಬೇಕಿಲ್ಲ. ಮಠಮಾನ್ಯಗಳು ನಡೆಸುವ ಶಾಲೆಗಳಿಗೆ ದಾನಿಗಳು ಕೋಣೆ ಕಟ್ಟಿಸಿಕೊಟ್ಟಿದ್ದಾರೆ, ಪ್ರಸಾದನಿಲಯಕ್ಕೆ ಧಾನ್ಯ ಕೊಟ್ಟಿದ್ದಾರೆ. ಇದೆಲ್ಲ ಪುಣ್ಯದ ಕಾರ್ಯ. ಅದರ ಜೊತೆಗೆ, ಮಗುವೊಂದು ಬಂದು ಅಂಜುತ್ತಾ ಹೇಳುವ ಮಾತನ್ನು ಗದರದೆ ಕೇಳುವ ಒಬ್ಬ ಶಿಕ್ಷಕಿ ಪ್ರತಿ ಶಾಲೆಯಲ್ಲಿರಲಿ. ಮಕ್ಕಳ ನೆರವಿಗೆ 1098, ಹೆಣ್ಣುಮಕ್ಕಳಿಗೆ 181, ತುರ್ತಿಗೆ 112 ಎಂಬ ಮೂರು ಸಂಖ್ಯೆಗಳು ಮಗ್ಗಿಯಂತೆ ಮಕ್ಕಳಿಗೆ ಬಾಯಿಪಾಠವಾಗಲಿ. ಹೇಳಿದ ಮಗುವಿನ ಓದು ನಿಲ್ಲದೆಂಬ ಭರವಸೆಯನ್ನು ಪ್ರತಿಯೊಂದು ಮನೆಯೂ ಕೊಡಲಿ.

ಆ ಹುಡುಗಿ 2025ರಲ್ಲಿ ಪದವಿ ಮುಗಿಸಿದಳು. ಈಗ ಹುಬ್ಬಳ್ಳಿಯಲ್ಲಿಯೇ ಮೇಲಿನ ವ್ಯಾಸಂಗ ನಡೆದಿದೆ. ಅಜ್ಜಿಯ ರೊಟ್ಟಿಯ ಗಂಟು ತಪ್ಪಿಲ್ಲ. ರಾತ್ರಿ ಫೋನು ಮಾಡಿದಾಗ ಉಂಡೆಯೇನೆಂದು ಅಜ್ಜಿ ಕೇಳುತ್ತಾಳೆ. ಆಮೇಲೆ ತಂದೆ ಫೋನು ತೆಗೆದುಕೊಂಡು, ಯಾರಾದರೂ ಏನಾದರೂ ಅಂದರೇನು ಎಂದು ಕೇಳುತ್ತಾನೆ. ಮಗಳು ಹೇಳುತ್ತಾಳೆ, ಅವನು ನಡುವೆ ಬಾಯಿ ಹಾಕದೆ ಕೇಳುತ್ತಾನೆ.