ಉರಿಯುವ ಬೆಂಕಿಗೆ ಮುಸುಕು ಬೇಡ

ಮುಂಬೈಯ ಹಳೆಯ ಫ್ಲ್ಯಾಟಿಗೆ ಹೊಸ ರೂಪ ಕೊಡಲು ಹೊರಟವರ ಕಣ್ಣಿಗೆ ಮೊದಲು ಚುಚ್ಚುವುದು ಬಚ್ಚಲಿನ ಗ್ಯಾಸ್ ಗೀಸರು. ಟೈಲ್ಸ್ ಹೊಸದು, ನಲ್ಲಿ ಹೊಸದು, ಕನ್ನಡಿಯ ಸುತ್ತ ದೀಪ. ಇವೆಲ್ಲದರ ನಡುವೆ ಗೋಡೆಯ ಮೇಲೊಂದು ಮಾಸಿದ ಡಬ್ಬ, ಅದರ ಕಾಲಬುಡಕ್ಕೆ ಗ್ಯಾಸ್ ಪೈಪು, ನೆತ್ತಿಯ ಮೇಲೆ ಮಸಿ ಹಿಡಿದ ಕೊಳವೆ. ಬಡಗಿ ಟೇಪು ಬಿಚ್ಚಿ ಅಳತೆ ತೆಗೆಯುತ್ತಲೇ ಪರಿಹಾರ ಹೇಳಿಬಿಡುತ್ತಾನೆ: “ಬಾಕ್ಸ್ ಬನಾ ದೇತೇ ಹೈಂ, ದಿಖೇಗಾ ಹೀ ನಹೀಂ.” ಪೆಟ್ಟಿಗೆ ಕಟ್ಟಿಬಿಟ್ಟರೆ ಕಾಣುವುದೇ ಇಲ್ಲವಂತೆ: ಪ್ಲೈವುಡ್ಡಿನ ಕಪಾಟು, ಮೇಲೆ ಲ್ಯಾಮಿನೇಟು, ಒಳಗೆ ಗೀಸರು. ಮಾಟುಂಗದಲ್ಲಿ, ಮುಲುಂಡಿನಲ್ಲಿ, ಬೊರಿವಲಿಯಲ್ಲಿ, ನೆಂಟರಿಷ್ಟರ ಮನೆಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನಾನು ಬೇಡವೆಂದು ತಡೆದಿದ್ದೇನೆ. ಚಂದಕ್ಕೆ ನಾನು ವಿರೋಧಿಯಲ್ಲ. ಆದರೆ ಬೆಂಕಿಯೂ ನಮ್ಮ ಹಾಗೆಯೇ ಉಸಿರಾಡುತ್ತದೆ, ನಾವು ಎಳೆದುಕೊಳ್ಳುವ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ಕರಾವಳಿಯಿಂದಲೋ ಮಲೆನಾಡಿನಿಂದಲೋ ಈ ನಗರಕ್ಕೆ ಬಂದ ನಮಗೆ ಬಚ್ಚಲ ಬೆಂಕಿ ಹೊಸದಲ್ಲ. ಊರಿನಲ್ಲಿ ಮಣ್ಣಿನ ಒಲೆಯ ಮೇಲೆ ತಾಮ್ರದ ಹಂಡೆ ಕೂತಿರುತ್ತಿತ್ತು. ತೆಂಗಿನ ಮಡಲು, ಸಿಪ್ಪೆ, ಅಡಿಕೆ ಹಾಳೆ, ತೋಟದಲ್ಲಿ ಉದುರಿದ್ದೆಲ್ಲ ಅದರ ಬಾಯಿಗೆ. ಹೊಗೆ ಹಂಚಿನ ಸಂದಿಯಿಂದ ತಾನಾಗಿ ಹೊರಗೆ ಹೋಗುತ್ತಿತ್ತು, ಗಾಳಿ ಬಾಗಿಲಡಿಯಿಂದ ತಾನಾಗಿ ಒಳಗೆ ಬರುತ್ತಿತ್ತು. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಳಿ ಹಾಕಿ ತಿಕ್ಕಿ, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬುತ್ತಿದ್ದರು. ಅಂಥದೇ ಕಹಿಕಾಯಿಯನ್ನು ಮರಾಠಿಯವರು ಕಾರೀಟ್ ಎನ್ನುತ್ತಾರೆ. ದೀಪಾವಳಿ ಬಂತೆಂದರೆ ದಾದರಿನ ಮಾರುಕಟ್ಟೆಯಲ್ಲಿ ಅದು ಗುಡ್ಡೆಗುಡ್ಡೆಯಾಗಿ ಬರುತ್ತದೆ. ಅಭ್ಯಂಗದ ಬೆಳಗ್ಗೆ ಅದನ್ನು ಕಾಲಿನಡಿ ಒಡೆಯುವುದು ಅವರ ಪದ್ಧತಿ. ಸ್ನಾನದ ನೀರನ್ನೂ ಅದನ್ನು ಕಾಯಿಸುವ ಬೆಂಕಿಯನ್ನೂ ಗೌರವದಿಂದ ಕಾಣುವುದು ಎರಡೂ ನೆಲದ ಗುಣ.

ಮುಂಬೈಯ ಚಾಳುಗಳಲ್ಲಿ ಹಂಡೆಯ ಜಾಗದಲ್ಲಿ ಬಂಬ್ ಇತ್ತು. ತಾಮ್ರದ ಉದ್ದನೆಯ ಉರುಳೆ, ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಕೊಳವೆಯಲ್ಲಿ ಇದ್ದಿಲು ಅಥವಾ ಕಟ್ಟಿಗೆ ಚೂರು, ಅದರ ಸುತ್ತ ನೀರು, ಪಕ್ಕದಲ್ಲಿ ಹಿತ್ತಾಳೆಯ ನಲ್ಲಿ. ಬೂದಿ ಜಾಲರಿಯ ಕೆಳಗೆ ಬೀಳುತ್ತಿತ್ತು, ಹೊಗೆ ನೆತ್ತಿಯಿಂದ ಏಳುತ್ತಿತ್ತು. ಬೆಂಕಿಯನ್ನು ನೀರೇ ಸುತ್ತುವರಿದಿದ್ದರಿಂದ ಕಾವು ಹೆಚ್ಚು ಪೋಲಾಗುತ್ತಿರಲಿಲ್ಲ. ಅದನ್ನು ತೆರೆದ ಗ್ಯಾಲರಿಯಲ್ಲಿ ಹೊತ್ತಿಸಿ, ನೀರು ಬಿಸಿಯಾದ ಮೇಲೆ ಬಕೆಟ್ಟಿನಲ್ಲಿ ಮೋರಿಗೆ, ಅಂದರೆ ಮನೆಯೊಳಗಿನ ಬಚ್ಚಲ ಮೂಲೆಗೆ, ಒಯ್ಯುತ್ತಿದ್ದರು. ಬೆಂಕಿ ಹೊರಗೆ, ಸ್ನಾನ ಒಳಗೆ. ಆ ಪುಟ್ಟ ಅಂತರದಲ್ಲಿ ಒಂದು ದೊಡ್ಡ ವಿವೇಕವಿತ್ತು.

ಇಂದು ಆ ಬಂಬುಗಳು ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಗಳಿಂದ ಹೊಳಪೇರಿಸಿಕೊಂಡು ಹೊಸ ಮನೆ ಸೇರುತ್ತಿವೆ. ಒಂದರಲ್ಲಿ ಮನಿಪ್ಲಾಂಟ್, ಇನ್ನೊಂದರ ಮೇಲೆ ದೀಪ. ನನಗೆ ಇದು ಇಷ್ಟ. ಅದರೊಳಗಿನ ಬೆಂಕಿ ಆರಿದೆ. ಇನ್ನು ಅದಕ್ಕೆ ಯಾವ ವೇಷ ಹಾಕಿದರೂ ಯಾರಿಗೂ ಕೇಡಿಲ್ಲ. ಗೀಸರಿಗೆ ಕಪಾಟು ಕಟ್ಟುವುದು ಬೇರೆಯೇ ಸಂಗತಿ. ಅಲ್ಲಿ ಮುಚ್ಚುವುದು ಉರಿಯುತ್ತಿರುವ ಬೆಂಕಿಯನ್ನು.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಹತ್ತು ಕಿಲೋವಾಟ್‌ಗೂ ಮೀರಿದ ಶಾಖ ಬೇಕು. ಇದಕ್ಕೆ ಗೀಸರು ಗಂಟೆಗೆ ಒಂದು ಘನ ಮೀಟರಿಗೂ ತುಸು ಹೆಚ್ಚು ಪೈಪ್ ಗ್ಯಾಸ್ ಉರಿಸುತ್ತದೆ. ಒಂದು ಪಾಲು ಗ್ಯಾಸು ಸರಿಯಾಗಿ ಉರಿಯಲು ಸುಮಾರು ಹತ್ತು ಪಾಲು ಗಾಳಿ ಬೇಕು. ನಮ್ಮ ಬಚ್ಚಲು ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರ ಎಂದುಕೊಂಡರೆ ಅದರಲ್ಲಿರುವ ಗಾಳಿ ಐದೂವರೆ ಘನ ಮೀಟರ್‌ಗಿಂತ ಕಡಿಮೆ. ಮನೆಮಂದಿ ಒಬ್ಬರ ಹಿಂದೊಬ್ಬರು ಮಿಂದು ಅರ್ಧ ಗಂಟೆ ಗೀಸರು ಉರಿದರೆ ಅದು ಕೇಳುವುದು ಇಡೀ ಬಚ್ಚಲಿನಷ್ಟು ಗಾಳಿಯನ್ನು. ಕೊರತೆ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಪ್ಲೈವುಡ್ಡಿನ ಪೆಟ್ಟಿಗೆಯೊಳಗಂತೂ ಗೀಸರು ತಾನು ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಗಾಳಿ ಸಾಲದ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. 1865ರಲ್ಲಿ ಮುಂಬೈಯ ಬೀದಿದೀಪಗಳನ್ನು ಬೆಳಗಿಸಿದ ಕಲ್ಲಿದ್ದಲ ಗ್ಯಾಸಿನಲ್ಲಿ ಈ ವಿಷ ಮೊದಲೇ ಬೆರೆತಿತ್ತು. ಈಗ ಮಹಾನಗರ್ ಗ್ಯಾಸ್ ಕಂಪನಿಯ ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್, ಅದರಲ್ಲಿ ಈ ವಿಷವಿಲ್ಲ. ಆದರೆ ನಾವು ಗಾಳಿಯ ದಾರಿ ಕಟ್ಟಿದರೆ ಅದನ್ನು ಮನೆಯಲ್ಲೇ ತಯಾರಿಸಿದಂತೆ. ಗ್ಯಾಸು ಸೋರಿದರೆ ಗೊತ್ತಾಗಲೆಂದು ಅದಕ್ಕೆ ಘಾಟು ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಬಾಗಿಲ ಚಿಲಕ ತೆಗೆಯಲೂ ಏಳದ ಕೈ. ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ಬಚ್ಚಲ ಸಾವುಗಳ ಸುದ್ದಿ ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಅವು ವಿಧಿಯ ಬರಹವಲ್ಲ, ತಪ್ಪಿಸಬಹುದಾದ ಸಾವುಗಳು.

ಈ ನಗರದಲ್ಲಿ ಗಾಳಿಯ ದಾರಿ ಕಟ್ಟುವುದು ಬಡಗಿಯೊಬ್ಬನೇ ಅಲ್ಲ. ಬಚ್ಚಲ ಕಿಟಕಿ ಕಟ್ಟಡದ ನಡುವೆ ಗಾಳಿಗೆಂದು ಬಿಟ್ಟ ಡಕ್ಟಿಗೆ ತೆರೆಯುತ್ತದೆ, ಡಕ್ಟ್ ಪಾರಿವಾಳಗಳ ರಾಜ್ಯ. ಅವುಗಳ ಹಿಕ್ಕೆಗೆ ಹೇಸಿ ಗಾಜಿನ ಪಟ್ಟಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆಯುತ್ತೇವೆ. ಹೊಗೆ ಕೊಳವೆಯ ಬಾಯಲ್ಲಿ ಅವು ಗೂಡು ಕಟ್ಟಿದರೂ ಇಣುಕಿ ನೋಡುವುದಿಲ್ಲ. ಪಾರಿವಾಳಕ್ಕೆ ಬಲೆ ಕಟ್ಟಿದರೆ ಸಾಕು. ಗಾಳಿ ಬಲೆಯನ್ನು ದಾಟಿ ಬರುತ್ತದೆ, ಪ್ಲಾಸ್ಟಿಕ್ಕನ್ನಲ್ಲ.

ಬೆಂಕಿಯನ್ನು ಮುಚ್ಚಲೇಬಾರದೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಯಲ್ಲಿ ಬೆಂಕಿ ಒಳಗೇ ಅಡಗಿದೆ. ಆದರೆ ಗಾಳಿ ಬರಲು ಲೆಕ್ಕವಿಟ್ಟ ಕಂಡಿಯಿದೆ, ಹೊಗೆ ಹೋಗಲು ಚಿಮಣಿಯಿದೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಹಜಾರವನ್ನು ಬೆಚ್ಚಗಿಡುವ ಗ್ಯಾಸ್ ಒಲೆಯ ಬೆನ್ನಿಗೇ, ಚಿಮಣಿಯ ಗೂಡಿನೊಳಗೆ, ಬಿಸಿನೀರಿನ ಬಾಯ್ಲರ್ ಕೂರಿಸುತ್ತಿದ್ದರು. ಅದನ್ನು ತೆಗೆಯುವಾಗಲೂ ಮರೆಮಾಡುವಾಗಲೂ ಅಲ್ಲಿಯವರು ಮೊದಲು ಕೇಳುವುದು ಹೊಗೆಯ ದಾರಿ ಏನಾಯಿತೆಂದು. ಮುಚ್ಚುವವರು ಎರಡು ದಾರಿ ಬಿಡಬೇಕು, ಒಂದು ಬರಲು, ಒಂದು ಹೋಗಲು. ಬಡಗಿಯ ಕಪಾಟಿನಲ್ಲಿ ಇವೆರಡೂ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಜಾಗವಿದ್ದರೆ ಗೀಸರನ್ನು ಬಚ್ಚಲಿನಿಂದ ತೆರೆದ ಡ್ರೈ ಬಾಲ್ಕನಿಗೆ ಎತ್ತಿ, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತನ್ನಿ. ಚಾಳಿನ ಗ್ಯಾಲರಿಯ ಬಂಬು ಕಲಿಸಿದ ಪಾಠ ಅದೇ. ಜಾಗವಿಲ್ಲದಿದ್ದರೆ ವಿದ್ಯುತ್ ಗೀಸರು ಹಾಕಿಸಿ, ಹಳೆಯ ಗ್ಯಾಸ್ ಲೈನನ್ನು ಕಂಪನಿಯ ಅಧಿಕೃತ ಪ್ಲಂಬರನಿಂದಲೇ ಬಂದ್ ಮಾಡಿಸಿ. ಅಲ್ಲಿಯವರೆಗೆ, ಬಕೆಟ್ ತುಂಬಿಸಿ, ಗೀಸರು ಆರಿಸಿ, ಆಮೇಲೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಿ; ಕಿಟಕಿ ತೆರೆದೇ ಇರಲಿ. ಸಾಂತಾಕ್ರೂಜಿನಲ್ಲಿ 1962ರ ಜನವರಿಯಲ್ಲಿ 7.4 ಡಿಗ್ರಿಗೆ ಇಳಿದದ್ದೇ ಈ ಊರಿನ ದಾಖಲೆಯ ಚಳಿ. ಮುಂಬೈಯ ಗಾಳಿಗೆ ಹೆದರಿ ಕಿಟಕಿ ಮುಚ್ಚಬೇಕಾದ ಕಾಲ ಇಲ್ಲಿ ಬರುವುದೇ ಅಪರೂಪ.

ಮನೆಯ ಅಂದಕ್ಕೆ ಖರ್ಚು ಮಾಡಿ, ಖಂಡಿತ ಮಾಡಿ. ವರ್ಷಗಟ್ಟಲೆ ದುಡಿದು ಕೊಂಡ ಮನೆ ಅದು. ಆದರೆ ಬೆಂಕಿಯ ವಿಷಯಕ್ಕೆ ಬಂದಾಗ ತೀರ್ಮಾನ ಎರಡರಲ್ಲಿ ಒಂದೇ ಆಗಿರಲಿ: ಇಟ್ಟುಕೊಳ್ಳುವುದಾದರೆ ಅದಕ್ಕೆ ಗಾಳಿ ಬಿಟ್ಟು ಕಣ್ಣೆದುರು ಇಟ್ಟುಕೊಳ್ಳಿ, ಬೇಡವಾದರೆ ಪೂರ್ತಿ ಆರಿಸಿ ಕಳಿಸಿಕೊಡಿ.