ಭಂಗಾರದ ಅಡಿಗಲ್ಲು

ನಮ್ಮ ಗಡಿನಾಡಿನ ಮಾತಿನಲ್ಲಿ ಒಂದು ಮಹಾಪ್ರಾಣಕ್ಕೆ ಬಹಳ ಬೆಲೆಯುಂಟು. ಕನ್ನಡದ ಬಂಗಾರ ಹೆಣ್ಣುಮಕ್ಕಳ ಕೊರಳಲ್ಲಿರುತ್ತದೆ. ಮರಾಠಿಯ ಭಂಗಾರ ಮೋಡಕಾ ಸಾಮಾನಿನವನ ಟೆಂಪೋದಲ್ಲಿರುತ್ತದೆ. ಶುದ್ಧಲೇಖನ ಬರೆಸುವಾಗ ನಮ್ಮ ಸಾಲೆಯ ಮಕ್ಕಳು ಇವೆರಡನ್ನೂ ಅದಲುಬದಲು ಮಾಡುತ್ತಾರೆ. ಮೂರು ದಶಕಗಳಿಂದ ಅದನ್ನು ಕೆಂಪು ಮಸಿಯಿಂದ ತಿದ್ದುತ್ತ ಬಂದವನು ನಾನು. 2022ರ ಮಾರ್ಚ್ ತಿಂಗಳ ಒಂದು ಶನಿವಾರ ಅದೇ ತಪ್ಪು ಎಪ್ಪತ್ತು ಕಿಲೊ ತೂಕದ ಕಬ್ಬಿಣವಾಗಿ ನನ್ನ ಎದುರಿಗೆ ಬಂದು ನಿಂತಿತು.

ಮುಂಜಾನೆಯ ಸಾಲೆ ಬಿಟ್ಟಿತ್ತು. ಮಾಲಗಾಂವದ ಎಲೆತೋಟಗಳ ಕಡೆಯಿಂದ ಬರುವ ಹಾದಿಯಲ್ಲಿ ಕಂಬಾರಸಾಲೆಯ ಮುಂದೆ ಒಂದು ಟೆಂಪೋ ನಿಂತಿತ್ತು. ಮುರಿದ ಕುಡಗಳು, ಗಾಡಿಯ ಗಾಲಿಯ ಹಳಿಗಳು, ಇಕ್ಕಳಗಳು, ಬಾಯಿ ಸವೆದ ಸಮ್ಮಟಿಗೆ, ಎಲ್ಲವೂ ಒಂದೊಂದಾಗಿ ಅದರೊಳಗೆ ಬೀಳುತ್ತಿದ್ದವು. ಅಡಿಗಲ್ಲನ್ನು ಮಾತ್ರ ಇಬ್ಬರಿಂದ ಎತ್ತಲಾಗದೆ ನೆಲದ ಮೇಲೆ ಬಿಟ್ಟಿದ್ದರು. ಮುದುಕ ಕಂಬಾರ ಕಟ್ಟೆಯ ಮೇಲೆ ಬೆನ್ನು ಮಾಡಿ ಕುಳಿತಿದ್ದ.

“ಕಾಕಾ, ಏನಿದು?” ಎಂದೆ.

“ಯಾರಿಗೆ ಬೇಕ್ರಿ ಮಾಸ್ತರ್ರ ಈಗ? ಮಗ ಪುಣೆದಾಗ ಅದಾನ. ನನ್ನ ಕಣ್ಣಿಗೆ ಕೆಂಪ ಯಾವುದು, ಹಳದಿ ಯಾವುದು ತಿಳೀವಲ್ದು. ಬಣ್ಣ ತಿಳೀಲಾರದ ಕಂಬಾರ ಎದಕ್ಕ ಬಂದಾನ್ರಿ?”

ಮಗನು ಪುಣೆಗೆ ಹೋದದ್ದು ಯಾರ ಮಾತಿನಿಂದ ಎಂಬುದು ಊರಿಗೆಲ್ಲ ಗೊತ್ತು. 1998ರಲ್ಲಿ ಆ ಹುಡುಗ ನನ್ನ ಏಳನೆಯ ಇಯತ್ತೆಯಲ್ಲಿದ್ದ. ಗಣಿತದಲ್ಲಿ ಚುರುಕು, ಆದರೆ ಮುಂಗಾರು ಬಂತೆಂದರೆ ತಿದಿ ಊದಲು ಕೂಡುತ್ತಿದ್ದನಾದ್ದರಿಂದ ಹದಿನೈದು ದಿನ ಗೈರುಹಾಜರು. ನಾನಾಗ ತರುಣ ಶಿಕ್ಷಕ. ನೇರ ಕಂಬಾರಸಾಲೆಗೆ ಹೋಗಿ, ಕುಡ ಹಣಿಸಲು ಬಂದಿದ್ದ ಹತ್ತಾರು ರೈತರ ಎದುರಿಗೆ ಹೇಳಿದೆ: “ಹುಡುಗನ ಕೈಗೆ ಮಸಿ ಹತ್ತುವುದೇ ಇದ್ದರೆ ದೌತಿಯ ಮಸಿ ಹತ್ತಲಿ, ಈ ಕುಲುಮೆಯ ಮಸಿ ಏಕೆ?” ರೈತರು ತಲೆದೂಗಿದರು. ನನ್ನ ಮಾತಿನ ಚಮತ್ಕಾರಕ್ಕೆ ನಾನೇ ಹಿಗ್ಗಿದೆ. ಮಾಸ್ತರರ ಮಾತಿಗೆ ಆಗ ತೂಕವಿತ್ತು. ಹುಡುಗ ಮರುದಿನದಿಂದ ತಪ್ಪದೆ ಸಾಲೆಗೆ ಬಂದ, ಐ.ಟಿ.ಐ. ಮುಗಿಸಿದ, ಪುಣೆಯ ಕಾರಖಾನೆ ಸೇರಿದ.

ಅವನು ಕಲಿತದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಆದರೆ ಅದಕ್ಕೂ ಏಳೆಂಟು ವರ್ಷ ಹಿಂದೆ ಅಧ್ಯಾಪಕ ತರಬೇತಿಯ ಪರೀಕ್ಷೆಯಲ್ಲಿ ಇದೇ ನಾನು ಗಾಂಧೀಜಿಯವರ ‘ನಯೀ ತಾಲೀಮ್’ ಕುರಿತು ಪುಟಗಟ್ಟಲೆ ಬರೆದಿದ್ದೆ. 1937ರ ವರ್ಧಾ ಪರಿಷತ್ತು, ಜಾಕೀರ್ ಹುಸೇನ್ ಸಮಿತಿ, ಕೈಕಸಬಿನ ಮೂಲಕ ಶಿಕ್ಷಣ, ಎಲ್ಲವೂ ಬಾಯಿಪಾಠ. ಕಾರ್ಯಾನುಭವದ ತಾಸಿನಲ್ಲಿ ನಾವು ಮಾಡಿದ್ದು ಮಾತ್ರ ಬಣ್ಣದ ಕಾಗದದ ಹಾರ.

ಆ ಶನಿವಾರ ನಾನು ಬಹಳ ವಿಚಾರ ಮಾಡಲಿಲ್ಲ. ಭಂಗಾರದವನ ತಕ್ಕಡಿಯಲ್ಲಿ ಅಡಿಗಲ್ಲು ಎಪ್ಪತ್ತು ಕಿಲೊ ಎಂಟುನೂರು ಗ್ರಾಂ ತೂಗಿತು. ಅವನು ಕೇಳಿದ ದರಕ್ಕೇ ಕೊಂಡೆ. ಇಕ್ಕಳ, ಸುತ್ತಿಗೆ, ಚಾಣಗಳನ್ನೂ ಇಳಿಸಿಕೊಂಡೆ. ಮನೆಯಲ್ಲಿ ಶ್ರೀಮತಿಯವರು ನೋಡಿ, “ಯುಗಾದಿಗೆ ಬಂಗಾರ ತರತೇನಿ ಅಂದಿದ್ರಿ, ಭಂಗಾರ ತಂದ್ರಿ” ಎಂದರು. ಉಚ್ಚಾರದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಇಟ್ಟಿಗೆಯ ಚೂರು, ಸೀಮೆಎಣ್ಣೆ ಹಾಕಿ ತಿಕ್ಕಿದಾಗ ಅಡಿಗಲ್ಲಿನ ಮಗ್ಗುಲಲ್ಲಿ ದೂರ ದೂರವಾಗಿ ಮೂರು ಅಂಕಿಗಳು ಕಂಡವು: 1, 1, 17. ಇಸವಿಯೆಂದು ಮೊದಲು ಭ್ರಮಿಸಿದೆ. ಆಮೇಲೆ ತಿಳಿಯಿತು, ಇದು ಇಂಗ್ಲಂಡಿನ ಹಳೆಯ ಅಡಿಗಲ್ಲುಗಳ ಮೇಲೆ ತೂಕ ಬರೆಯುವ ಪದ್ಧತಿ. ಮೊದಲ ಅಂಕಿ ಹಂಡ್ರೆಡ್‌ವೇಟ್, ಅಂದರೆ 112 ಪೌಂಡು. ಎರಡನೆಯದು ಅದರ ಕಾಲುಪಾಲು, 28 ಪೌಂಡು. ಮೂರನೆಯದು ಬಿಡಿ ಪೌಂಡು. ಏಳನೆಯ ಇಯತ್ತೆಯ ಹಲಗೆಯ ಮೇಲೆ ಲೆಕ್ಕ ಹಾಕಿಸಿದೆ: ಒಟ್ಟು 157 ಪೌಂಡು, ಅಂದರೆ 71 ಕಿಲೊಗೆ ತುಸು ಮೇಲೆ. ತಕ್ಕಡಿಯ ತೂಕಕ್ಕೂ ಇದಕ್ಕೂ ನಾಲ್ಕುನೂರು ಗ್ರಾಮಿನಷ್ಟು ವ್ಯತ್ಯಾಸ. “ಉಳಿದದ್ದು ಎಲ್ಲಿ ಹೋಯ್ತು ಸರ?” ಎಂದು ಒಬ್ಬ ಹುಡುಗಿ ಕೇಳಿದಳು. ಮೂರು ತಲೆಮಾರಿನ ಪೆಟ್ಟು ಅದನ್ನು ತಿಂದಿರಬೇಕೆಂದೆ.

ಕಂಬಾರ ಕಾಕಾನ ಅಜ್ಜ ಅದನ್ನು ಮಿರಜದ ರೇಲ್ವೆಯ ಲಿಲಾವಿನಲ್ಲಿ ಹಿಡಿದು ಗಾಡಿಯಲ್ಲಿ ಹೇರಿಕೊಂಡು ಬಂದನಂತೆ. ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಒಂದು ಕಾಲಕ್ಕೆ ಕೂಡುತ್ತಿದ್ದ ಜಂಕ್ಷನ್ ಅದು. ಅಲ್ಲಿ ಕಬ್ಬಿಣಕ್ಕೇನು ಬರ? ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಕಂಬಾರರ ಅಡಿಗಲ್ಲೆಂದರೆ ಇಂದಿಗೂ ರೈಲುಹಳಿಯ ಒಂದು ತುಂಡೇ. ಮರಾಠಿಯವರು ಇದನ್ನು ಐರಣ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಮಾತ್ರ ಇನ್ನೂ ‘ಕಲ್ಲು’ ಉಳಿದಿದೆ.

ಮುಂದಿನ ವಾರ ಕಾಕಾನ ಬಳಿಗೆ ಹೋಗಿ, ಕಲಿಸಬೇಕೆಂದು ಕೇಳಿದೆ. ಆತ ನಕ್ಕ. ಅರ್ಧ ತಾಸಿನ ತರುವಾಯ, ರವಿವಾರ ಬರಲು ಹೇಳಿದ.

ಕಲಿಯಲು ಕುಳಿತಾಗ ನನ್ನ ಎರಡನೆಯ ಅಜ್ಞಾನ ಹೊರಬಿತ್ತು. ಹಿಂದೊಮ್ಮೆ ಆ ಸಾಲೆಯ ಕತ್ತಲೆ ನೋಡಿ, ಒಂದು ಕಿಡಕಿಯನ್ನಾದರೂ ತೆಗೆಸಬಾರದೇ ಎಂದು ಆತನಿಗೆ ಆರೋಗ್ಯದ ಉಪದೇಶ ಮಾಡಿದ್ದೆ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಹತ್ತುವುದಿಲ್ಲ. ಕೆಂಪು ಕಪ್ಪಾಗಿ ಕಾಣುತ್ತದೆ. ಮಬ್ಬಿನಲ್ಲಿ ಮಾತ್ರ ನಸುಗೆಂಪು, ಕೆಂಪು, ಕಿತ್ತಳೆ, ಹಳದಿ ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರುತ್ತದೆ. ಆ ಕತ್ತಲೆಯೇ ಆತನ ಉಷ್ಣಮಾಪಕ. ನಾನು ಅದನ್ನು ಬಡತನವೆಂದು ಓದಿದ್ದೆ.

ನನ್ನ ಮೊದಲ ಕುಡಗೋಲು ಲಾರಿಯ ಕಮಾನಪಟ್ಟಿಯದು. ನಾಲ್ಕು ರವಿವಾರ ಬಡಿದು ಆಕಾರಕ್ಕೆ ತಂದು, ಕಾಕಾ ಬೇಡವೆನ್ನುವ ಮೊದಲೇ ಇಡಿಯಾಗಿ ನೀರಿನಲ್ಲಿ ಅದ್ದಿದೆ. ‘ಟಣ್’ ಎಂದು ಸಣ್ಣ ಸಪ್ಪಳ. ನಡುವೆ ಕೂದಲಿನಂಥ ಬಿರುಕು. ಅಂಥ ಉಕ್ಕಿಗೆ ಬಾಯಿಗಷ್ಟೇ ನೀರು ತೋರಿಸಬೇಕು, ಇಲ್ಲವೇ ಎಣ್ಣೆಯಲ್ಲಿ ತಣಿಸಬೇಕು. ತಣಿದ ಮೇಲೆ ಉಜ್ಜಿ ಮತ್ತೆ ಮೆಲ್ಲಗೆ ಕಾಸಿದರೆ ಮೈಮೇಲೆ ಬಣ್ಣಗಳು ಓಡುತ್ತವೆ: ಸುಮಾರು 220 ಅಂಶಕ್ಕೆ ಒಣಹುಲ್ಲಿನ ಬಣ್ಣ, 280ಕ್ಕೆ ನೇರಳೆ, 300ರ ಹತ್ತಿರ ನೀಲಿ. ಚಾಣಕ್ಕೆ ಎಲ್ಲಿ ನಿಲ್ಲಿಸಬೇಕು, ಕೊಡಲಿಗೆ ಎಲ್ಲಿ ಎಂಬುದು ಕಾಕಾನಿಗೆ ಅಂಶಗಳ ಹಂಗಿಲ್ಲದೆ ತಿಳಿದಿತ್ತು. ಈಗ ಕಣ್ಣು ಕೈಕೊಟ್ಟಿದ್ದರಿಂದ ಸಾಲೆಯ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಒಯ್ದೆ. ಸುಮಾರು 770 ಅಂಶಕ್ಕೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಮುದುಕ ಮೂರು ಸಲ ಮುಟ್ಟಿಸಿ ನೋಡಿದ. “ಬೆಪ್ಪ ಕಬ್ಬಣ! ತನ್ನ ಮಂದೀನ ಮರೀತೈತಿ ನೋಡ್ರಿ ಬಿಸಿ ಆದಕೂಡ್ಲೆ” ಎಂದ.

ವಾರದಿಂದ ವಾರಕ್ಕೆ ಜನ ಕೂಡತೊಡಗಿದರು. ರೇಲ್ವೆಯ ಕುಲುಮೆಯಲ್ಲಿ ದುಡಿದು ನಿವೃತ್ತರಾದ ಒಬ್ಬರು ಮಿರಜದಿಂದ ಸೈಕಲ್ಲಿನ ಮೇಲೆ ಬರುತ್ತಾರೆ. ಎಲೆತೋಟದವರಿಗೆ ಎಲೆ ಚಿವುಟುವಾಗ ಹೆಬ್ಬೆರಳಿಗೆ ತೊಡುವ ಉಗುರಿನಂಥ ಹರಿತ ತಗಡು ಬೇಕು. ಸಿತಾರ ಮಾಡುವ ಮನೆತನದ ತರುಣನೊಬ್ಬ ಕೆತ್ತುವ ಸಣ್ಣ ಉಳಿಗಳಿಗಾಗಿ ಬಂದ. ಪೇಟೆಯ ಉಳಿ ಕೈಗೆ ಕೂಡುವುದಿಲ್ಲವಂತೆ. ಅವನು ಬಂದದ್ದು ನನಗೆ ಬಲು ಸೋಜಿಗ. ಮಿರಜದ ತಂತಿವಾದ್ಯದ ಕಸಬು ಹುಟ್ಟಿದ್ದೇ ಕತ್ತಿಯ ಕಸಬಿನಿಂದ. ಶಿಕಲಗಾರರೆಂದರೆ ಆಯುಧಗಳಿಗೆ ಸಾಣೆ ಹಿಡಿಯುವವರು. ಕತ್ತಿ ಕಠಾರಿಗಳ ಕಾಲ ತೀರಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಫರೀದಸಾಹೇಬ ಶಿಕಲಗಾರರು ತಾನಪುರಾ, ಸಿತಾರಗಳತ್ತ ಕೈ ತಿರುಗಿಸಿದರು. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಕಬ್ಬಿಣದಿಂದ ಕುಂಬಳಬುರುಡೆಗೆ ಹೋದ ಮನೆತನದವನು ಉಳಿಗಾಗಿ ಮತ್ತೆ ಕುಲುಮೆಯ ಬಾಗಿಲಿಗೆ ಬಂದಂತಾಯಿತು.

ಬಂದವರು ಬರಿಗೈಯಲ್ಲಿ ಬರುವುದಿಲ್ಲ. ಅಟ್ಟದ ಮೇಲಿನ ಅಜ್ಜನ ಇಕ್ಕಳ, ಹಿಡಿಯಿಲ್ಲದ ಬಾಚಿ, ತುಕ್ಕು ತಿಂದ ಅರ, ಏನಾದರೊಂದು ತರುತ್ತಾರೆ. ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಉಪಕರಣವನ್ನು ಯಾರೂ ಮಾರಕೂಡದು, ಕಡ ಕೊಡಬಹುದು. ಯಾವುದು ಯಾರ ಮನೆಯದೆಂದು ಸಾಲೆಯ ಹಳೆಯ ಹಾಜರಿಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಿಡುತ್ತೇನೆ. ನಮ್ಮದೇನೂ ಹೊಸ ಮಾತಲ್ಲ. ಅಮೇರಿಕೆಯಲ್ಲಿ ಇಂಥ ಹವ್ಯಾಸಿಗಳೂ ಕಸಬಿನವರೂ ಕೂಡಿ 1973ರಲ್ಲಿ ಸಂಘ ಕಟ್ಟಿಕೊಂಡರು, ಇಂಗ್ಲಂಡಿನಲ್ಲಿ 1978ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ, 1820ರ ಸುಮಾರಿಗೆ ಮೈಕೇಲ್ ಫ್ಯಾರಡೆಯು ಹಿಂದುಸ್ತಾನದ ‘ವೂಟ್ಸ್’ ಉಕ್ಕಿನ ಗುಟ್ಟು ತಿಳಿಯಲು ಪ್ರಯೋಗಗಳನ್ನು ನಡೆಸಿದ. ಆ ವೂಟ್ಸ್ ನಮ್ಮ ‘ಉಕ್ಕು’ ಎಂಬ ಮಾತಿನದೇ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ಫ್ಯಾರಡೆ ಕಂಬಾರನ ಮಗ. ಇದನ್ನು ಮಕ್ಕಳಿಗೆ ಹೇಳುವಾಗ ನನ್ನ ದನಿ ತುಸು ಏರುತ್ತದೆ, ಕ್ಷಮಿಸಬೇಕು.

ಕಾಕಾನಿಗೆ ಇಂಥ ಕಥೆಗಳ ಮೇಲೆ ಬಹಳ ಗೌರವವಿಲ್ಲ. ಭಾಲಜಿ ಪೆಂಢಾರಕರರ ‘ಸಾಧೀ ಮಾಣಸಂ’ ಎಂಬ 1965ರ ಚಿತ್ರದಲ್ಲಿ ಕಂಬಾರ ದಂಪತಿಗಳು ಕುಲುಮೆಯ ಮುಂದೆ ಹಾಡುವುದನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಅದು ರೇಡಿಯೋದಲ್ಲಿ ಬಂದಾಗ, “ಅಕಿ ಹಾಡಕೋತ ಕುಂತರ ತಿದಿ ಯಾರ ಊದತಾರ?” ಎಂದು ಆತನ ಹೆಂಡತಿ ನಗುತ್ತಿದ್ದಳಂತೆ. ತಿದಿ ಊದಿ, ಮೇಲೆ ಸಮ್ಮಟಿಗೆಯನ್ನೂ ಎತ್ತಿ, ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಒಂದು ರವಿವಾರ ನಾವೆಲ್ಲ ಚಹಾ ಕುಡಿಯುತ್ತ ಆನಂದವಾಗಿದ್ದಾಗ ಆತ ಮೆಲ್ಲಗೆ ಅಂದ: “ನಿಮಗ ಬ್ಯಾಸರಾದ್ರ ಸುತ್ತಿಗಿ ಇಟ್ಟು ಮನೀಗೆ ಹೋಗ್ತೀರಿ. ನಾ ಬ್ಯಾಸರಾಗಿ ಇಟ್ಟಿದ್ರ ಆಯ ಯಾರ ಕೊಡತಿದ್ರು?” ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಕಾಳೇ ಆತನ ವರುಷದ ಸಂಬಳ. ಕಬ್ಬಿಣದ ರಂಟೆ ಬಂತು, ಟ್ರ್ಯಾಕ್ಟರ್ ಬಂತು, ಕುಡ ಹಣಿಸುವವರು ಇಲ್ಲವಾದರು, ಆಯ ನಿಂತಿತು. ನಮ್ಮ ಹವ್ಯಾಸದಿಂದ ಅದು ತಿರುಗಿ ಬರುವುದಿಲ್ಲ. ಆದುದರಿಂದ ಮಾಡಿದ ಕುಡಗೋಲು, ಉಳಿಗಳಿಗೆ ಬಂದ ಹಣವೆಲ್ಲ ಕಾಕಾನ ಕೈಗೇ ಹೋಗಬೇಕೆಂದು ಅಂದಿನಿಂದ ಠರಾಯಿಸಿದೆವು. ಅದು ಬಹಳವೇನೂ ಆಗುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ಇಯತ್ತೆಯವರೆಗಿನ ಮಕ್ಕಳು ಹತ್ತು ದಿನ ಪಾಟೀಚೀಲವಿಲ್ಲದೆ ಊರಿನ ಕಸಬುದಾರರ ಬಳಿ ಕಲಿಯಬೇಕೆನ್ನುತ್ತದೆ. ಅದನ್ನು ಓದಿದಾಗ ನನಗೆ ಕಾಗದದ ಹಾರ ನೆನಪಾಯಿತು. ಮಕ್ಕಳನ್ನು ಕರೆದೊಯ್ದು ಹಗ್ಗದ ಈಚೆ ನಿಲ್ಲಿಸಿದೆ. ಕಾಕಾ ಮಾತಾಡಲಿಲ್ಲ, ಒಂದು ಮೊಳೆ ಮಾಡಿ ತೋರಿಸಿದ.

ಹೋದ ವರ್ಷದ ಖಂಡೇನವಮಿಗೆ ಪುಣೆಯಿಂದ ಮಗ ಬಂದ. ಕಾರಖಾನೆಯಲ್ಲೂ ಪೂಜೆಯುಂಟು, ಆದರೆ ಅಪ್ಪನ ಅಡಿಗಲ್ಲಿಗೆ ಮತ್ತೆ ಕುಂಕುಮ ಹತ್ತಿದೆಯೆಂದು ಕೇಳಿ ರಜೆ ಹಾಕಿದ್ದನಂತೆ. ಪೂಜೆಯ ಮರುದಿನ ನಾನು ಒಂದು ಕೊಡಲಿಯನ್ನು ಬಡಿಯುತ್ತಿದ್ದೆ. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಬಂದು ನನ್ನ ಕೈಯಿಂದ ಇಕ್ಕಳ ಇಸಿದುಕೊಂಡ.

“ಕೆಂಪ ಇಳೀತ್ರಿ ಸರ. ಇನ್ನ ಬಡದ್ರ ಸೀಳತೈತಿ.”

ಮತ್ತೆ ಕಾಸಿದ, ಬಡಿದ. ಇಪ್ಪತ್ತೈದು ವರ್ಷಗಳ ಮೇಲೂ ಸುತ್ತಿಗೆಯ ತಾಳ ತಪ್ಪಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಮುದುಕ ಆ ಸಪ್ಪಳಕ್ಕೆ ತಲೆ ಎತ್ತಿದ. ಬಿಡುವಾದಾಗ ನಾನು ಹಳೆಯ ಮಾತನ್ನು ತೆಗೆದೆ. ಹಾಗೆ ಅನ್ನಬಾರದಿತ್ತು ಎಂದೆ. ಅವನು ಹಣೆಯ ಬೆವರು ಒರೆಸಿಕೊಂಡ.

“ಸಾಲಿ ಕಲೀ ಅಂದದ್ದು ಖರೆ ಇತ್ರಿ ಸರ. ಅಷ್ಟ ಮಂದಿ ಮುಂದ ಅಪ್ಪಗ ಅನ್ನಬಾರದಿತ್ತು. ಅವತ್ತ ರಾತ್ರಿ ಅವ ಉಣಲಿಲ್ಲ.”

ನಾನು ಏನೂ ಅನ್ನಲಿಲ್ಲ. ಅವನೇ ಮಾತು ಬದಲಿಸಿದ. ನನಗೆ ನೆಲದ ಮೇಲೆ ಕುಳಿತು ಬಡಿಯಲು ಮೊಣಕಾಲು ಒಪ್ಪದೆಂದು ಅಡಿಗಲ್ಲನ್ನು ಜಾಲಿಯ ಕೊರಡಿನ ಮೇಲೆ ಕೂಡಿಸಿದ್ದೇವೆ. ಅವನು ಅದರ ಪಕ್ಕದಲ್ಲಿ ನನ್ನನ್ನು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ ನೋಡಿದ. ಮುಷ್ಟಿ ಅದರ ಮುಖಕ್ಕೆ ಮುಟ್ಟಬೇಕು. ಇದು ಎರಡು ಬೆರಳು ಎತ್ತರವಾಗಿದೆ, ಆದ್ದರಿಂದಲೇ ನಿಮ್ಮ ಭುಜ ನೋಯುತ್ತದೆ ಎಂದ. ಸಂಜೆಯ ಗಾಡಿಗೆ ಅವನು ಪುಣೆಗೆ ಹೋದ. ಮುಂದಿನ ರವಿವಾರ ನಾವು ಐದು ಜನ ಸೇರಿ ಅಡಿಗಲ್ಲನ್ನು ಇಳಿಸಿ, ಕೊರಡನ್ನು ಎರಡು ಬೆರಳು ಕೊಯ್ದೆವು.