ಎರಡು ಮಡಿಕೆ

ದೀಪಾವಳಿಗೆ ಮಗಳ ಲಂಗ ನಾನೇ ಹೊಲಿಯೋದು ಅಂತ ಅಮ್ಮನ ಇಳಕಲ್ ಸೀರೆ ಹರವಿಕೊಂಡು ಕೂತೆ. ಅಮ್ಮ ಹೋಗಿ ಎರಡು ವರ್ಷ... ಕತ್ತರಿ ಹಿಡಿದ ಕೈ ಮುಂದಕ್ಕೇ ಹೋಗ್ಲಿಲ್ಲ.

ಈ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನೂ ನೇಕಾರರು ಕುಣಿಕೆ ಹಾಕಿ ಬೆಸೆದಿರ್ತಾರೆ. ಆ ಬೆಸುಗೆ ಮುಟ್ಟೋಕೆ ಮನಸ್ಸಾಗದೆ, ಸೆರಗಿನ ಕಡೆ ಒಂದು ಗಜ ಹಾಗೇ ಬಿಟ್ಟು ಕತ್ತರಿಸಿದೆ.

ಚಿಕ್ಕವಳಿದ್ದಾಗ ನನ್ನ ಲಂಗಕ್ಕೆ ಅಮ್ಮ ಅಂಚಿನ ಮೇಲೆ ಎರಡು ಮಡಿಕೆ ಹಾಕ್ತಿದ್ದಳು. ನಾನು ಉದ್ದವಾದಂತೆ ಒಂದೊಂದೇ ಬಿಚ್ಚೋದು. ಬಿಚ್ಚಿದ ಕಡೆ ಬಣ್ಣ ಮಾಸದ ಪಟ್ಟಿಯೊಂದು ಎದ್ದು ಕಾಣ್ತಿತ್ತು. ಗೆಳತಿಯರು ನಗೋರು, ನಾನು ಅಮ್ಮನ ಮೇಲೆ ರೇಗ್ತಿದ್ದೆ.

ಮಗಳ ಲಂಗಕ್ಕೂ ಎರಡು ಮಡಿಕೆ ಹಾಕಿದೀನಿ. ಬೈಸ್ಕೊಳ್ಳೋಕೆ ರೆಡಿ :)